ಶ್ರೀಶೈಲಪ್ಪನ ಇಂಡೋರ್ ಓಟ

ಗೋಕಾಕದ ಬಜಾರದಲ್ಲಿ ಶ್ರೀಶೈಲಪ್ಪನ ಭಾಂಡೆ ಅಂಗಡಿಗೆ ಹೋದವರು ಒಂದು ತಂಬಿಗೆ ಕೊಂಡು ಹೊರಗೆ ಬರಲು ಅರ್ಧ ದಿನ ಬೇಕು ಎಂದು ಊರವರು ಆಡಿಕೊಳ್ಳುತ್ತಾರೆ. ಮಾಲು ಇಲ್ಲವೆಂದಲ್ಲ. ಹಂಡೆ, ಕೊಡ, ಪರಾತ, ಡಬರಿ ಎಲ್ಲವನ್ನೂ ಸೂರಿನವರೆಗೆ ಒಟ್ಟಿಟ್ಟಿದ್ದಾನೆ. ಆದರೆ ಮಾಲಕ ಮಾತ್ರ ಅಂಗಡಿಯಲ್ಲಿ ಇದ್ದೂ ಇರುವುದಿಲ್ಲ. ಗಲ್ಲೆಯ ಮೇಲೆ ಮೊಣಕೈ ಊರಿ, ಎದುರಿಗಿನ ಪಾತ್ರೆಗಳ ಹೊಳಪಿನಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ಎತ್ತಲೋ ಹೋಗಿಬಿಟ್ಟಿರುತ್ತಾನೆ. ಹಂಡೆಯಲ್ಲಿ ಅವನು ಅಗಲವಾಗಿ ಕಾಣುತ್ತಾನೆ, ಉದ್ದನೆಯ ಹಾಲಿನ ಕ್ಯಾನಿನಲ್ಲಿ ತೆಳ್ಳಗೆ, ಎತ್ತರವಾಗಿ ಕಾಣುತ್ತಾನೆ. ಇಷ್ಟು ವರ್ಷ ಹಂಡೆ ಹೇಳಿದ್ದನ್ನೇ ನಂಬಿಕೊಂಡಿದ್ದವನು ಈ ಸಲ ಇದ್ದಕ್ಕಿದ್ದಂತೆ ಹಾಲಿನ ಕ್ಯಾನಿನ ಪಕ್ಷ ಸೇರಿದ.

ಅದಕ್ಕೆ ಕಾರಣ ಕಾಶಿನಾಥ. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಜಿಮ್ ನಡೆಸುವ ಹುರಿಯಾಳು. ಪ್ರತಿ ಮಾತನ್ನೂ ಎರಡೆರಡು ಸಲ ಹೇಳುವುದೊಂದು ಅವನ ಚಟ. (ಜಿಮ್ಮಿನಲ್ಲಿ ಎಣಿಸಿ ಎಣಿಸಿ ಹಾಗಾಗಿರಬೇಕು.) ಅವನು ಒಂದು ದಿನ ಕೆಳಗಿಳಿದು ಬಂದು ಮೊಬೈಲಿನಲ್ಲಿ ಹೋದ ವರ್ಷ ಮುಂಬಯಿಯಲ್ಲಿ ತೆಗೆದ ವಿಡಿಯೊ ತೋರಿಸಿದ. ಆಕಾಶದಷ್ಟು ದೊಡ್ಡ ಸಭಾಂಗಣ. ಅದರೊಳಗೆ ದೇಶದೇಶದ ಜನ ಓಡುತ್ತಾರೆ, ನಿಂತು ಕಬ್ಬಿಣದ ಬಂಡಿ ತಳ್ಳುತ್ತಾರೆ; ಮತ್ತೆ ಓಡುತ್ತಾರೆ, ಹಗ್ಗ ಹಿಡಿದು ಭಾರ ಎಳೆಯುತ್ತಾರೆ; ಮತ್ತೆ ಓಡುತ್ತಾರೆ, ಗೋಡೆಗೆ ಚೆಂಡು ಎಸೆಯುತ್ತಾರೆ. ಮುಗಿಸಿದವರ ಹೆಸರನ್ನು ಧ್ವನಿವರ್ಧಕದಲ್ಲಿ ಗುಡುಗಿದ ಹಾಗೆ ಕೂಗುತ್ತಾರೆ.

ಆ ಕೂಗು ಶ್ರೀಶೈಲಪ್ಪನ ಎದೆಗೆ ನಾಟಿತು. ಅವನ ಹೆಸರನ್ನು ಯಾರಾದರೂ ಕರೆದು ಯಾವ ಕಾಲವಾಗಿತ್ತೋ! ಗಿರಾಕಿಗಳಿಗೆ ಅವನು ‘ಭಾಂಡೆ ಕಾಕಾ’, ತಾಯಿ ಚನ್ನವ್ವನಿಗೆ ‘ತಮ್ಮಾ’, ಹೆಂಡತಿ ದಾಕ್ಷಾಯಿಣಿಗೆ ಬರೀ ‘ಏನ್ರಿ’. ತಂದೆ ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತು ಇಟ್ಟ ಹೆಸರು ಹೀಗೆ ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತಿದೆಯಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು. ಕಣ್ಣು ಮುಚ್ಚಿದ. ಸಭಾಂಗಣ ತುಂಬ ಅವನ ಹೆಸರು ಮೊಳಗುತ್ತಿತ್ತು, ಅವನು ಒಂದು ಕೈ ಎತ್ತಿ ಎಲ್ಲರಿಗೂ ವಂದಿಸುತ್ತಿದ್ದ. ಕಣ್ಣು ತೆರೆದಾಗ ತಂಬಿಗೆ ಕೊಳ್ಳಲು ಬಂದ ಮುದುಕಿ ಕಾದು ಕಾದು ಹೋಗಿಬಿಟ್ಟಿದ್ದಳು.

“ಕಾಕಾ, ಗಂಡ-ಹೆಂಡ್ತಿ ಜೋಡಿ ಅಂತ ಒಂದ ವಿಭಾಗ ಐತ್ರಿ” ಎಂದ ಕಾಶಿನಾಥ. “ನಿಮ್ಮ ವಯಸ್ಸಿನ್ಯಾಗ ಬಾಳ ಮಂದಿ ಬರೂದಿಲ್ರಿ. ಬಾಳ ಮಂದಿ ಬರೂದಿಲ್ರಿ.”

ಯಾಕೆ ಬರುವುದಿಲ್ಲ ಎಂದು ಶ್ರೀಶೈಲಪ್ಪ ಕೇಳಲಿಲ್ಲ. ಮಧ್ಯವಯಸ್ಸಿನ ಯಾವ ಗಂಡ-ಹೆಂಡತಿ ಅಷ್ಟು ಹೊತ್ತು ಒಂದೇ ಸೂರಿನ ಕೆಳಗೆ ಒಂದೇ ದಿಕ್ಕಿಗೆ ಹೋಗುತ್ತಾರೆ? ಪದಕ ಆಗಲೇ ಕೊರಳಿಗೆ ಬಿದ್ದಂತಾಯಿತು. ಕಾಶಿನಾಥ ಅಲ್ಲಿಯೇ ಗಂಡ-ಹೆಂಡತಿ ಇಬ್ಬರ ಹೆಸರನ್ನೂ ಕಾಕಾನ ಮೊಬೈಲಿನಲ್ಲೇ ಸ್ಪರ್ಧೆಗೆ ಹಚ್ಚಿ, ಕನ್ನಡದಲ್ಲಿ ಒಂದು ಸಂದೇಶವನ್ನೂ ಕಳಿಸಿದ: ‘ಅಂತರರಾಷ್ಟ್ರೀಯ ಇಂಡೋರ್ ಫಿಟ್ನೆಸ್ ರೇಸ್ ಚಾಂಪಿಯನ್‌ಶಿಪ್, ಇಂಡೋರ್.’ ಬರೆಯುವಾಗಲೂ ಎರಡೆರಡು ಸಲವೇ ಎಂದು ಶ್ರೀಶೈಲಪ್ಪ ನಕ್ಕ. ಇಂಡೋರ್ ಎಂದರೆ ಒಳಾಂಗಣ ಎಂದು ಅವನಿಗೆ ಗೊತ್ತಿತ್ತು, ಅವನು ಬಿ.ಕಾಂ. ಮೊದಲ ವರ್ಷದವರೆಗೆ ಓದಿದವನು.

ಮನೆಯಲ್ಲಿ ದಾಕ್ಷಾಯಿಣಿ ರೊಟ್ಟಿ ಬಡಿಯುತ್ತಿದ್ದಳು.

“ಏ, ಇಲ್ಲಿ ಕೇಳ. ನಾವಿಬ್ರೂ ಒಂದ ಸ್ಪರ್ಧೆಕ್ಕ ಹೋಗೂಣು.”

“ಯಾವ ಸ್ಪರ್ಧೆ? ಕುಂತಲ್ಲೇ ನಿದ್ದಿ ಮಾಡೂದಾ?”

“ಅಂತರರಾಷ್ಟ್ರೀಯ ಸ್ಪರ್ಧೆ! ಓಡೂದು, ದಬ್ಬೂದು, ಎತ್ತೂದು, ಹೊರೂದು.”

“ಅದನ್ನ ಮುಂಜಾನಿಂದ ಸಂಜೀಮಟಾ ಮಾಡಾಕತ್ತೇನಿ. ಯಾರೂ ನನಗ ಪದಕ ಕೊಟ್ಟಿಲ್ಲ. ಆ ಪರಾತ ಇತ್ಲಾಗ ಸರಸ್ರಿ.”

“ಹಂಗಲ್ಲಲೇ. ಇದು ಇಂಡೋರ್ ಸ್ಪರ್ಧೆ.”

ಬಡಿಯುವ ಕೈ ನಿಂತಿತು. ದಾಕ್ಷಾಯಿಣಿ ತಿರುಗಿದಳು. ಹಿಟ್ಟು ಹತ್ತಿದ ಅವಳ ಮುಖದಲ್ಲಿ ಹದಿನಾರರ ಹುಡುಗಿಯೊಬ್ಬಳು ಇಣುಕಿ ಹೋದಳು.

“ಇಂದೂರಾ? ನಮ್ಮ ಲಕ್ಷ್ಮೀಬಾಯಿ ಇರೂ ಇಂದೂರಾ?”

ಲಕ್ಷ್ಮೀಬಾಯಿ ಹುಕ್ಕೇರಿಯ ಜೈನರ ಮನೆಯ ಮಗಳು. ಶಾಲೆಯಲ್ಲಿ ದಾಕ್ಷಾಯಿಣಿಯ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಒಬ್ಬಳು ಕನ್ನಡ ಕಲಿಸಿದಳು, ಇನ್ನೊಬ್ಬಳು ಮರಾಠಿ ಕಲಿಸಿದಳು. ಲಕ್ಷ್ಮೀಬಾಯಿ ಮದುವೆಯಾಗಿ ಮಧ್ಯಪ್ರದೇಶದ ಇಂದೂರಿಗೆ ಹೋದಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ.

ಶ್ರೀಶೈಲಪ್ಪ ತಿದ್ದಬೇಕೆಂದು ಬಾಯಿ ತೆರೆದ. ತಿದ್ದಿದರೆ ಹೆಂಡತಿ ಮತ್ತೆ ರೊಟ್ಟಿಯ ಕಡೆ ತಿರುಗುತ್ತಾಳೆ, ಜೋಡಿ ಮುರಿಯುತ್ತದೆ, ಹೆಸರು ತುಕ್ಕು ಹಿಡಿಯುತ್ತದೆ. ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ತೆರೆದ ಬಾಯಿಂದ ತಾನಾಗಿಯೇ ಒಂದು “ಹ್ಞೂಂ” ಹೊರಬಿತ್ತು. ಮುಂದೆ ಅವನು ಪಟ್ಟ ಪಾಡಿಗೆಲ್ಲ ಆ ಒಂದು ಹ್ಞೂಂ ಮೂಲ.

“ಹಂಗಾರ ನಾ ಬರ್ತೇನಿ” ಎಂದಳು ದಾಕ್ಷಾಯಿಣಿ. ರೊಟ್ಟಿ ಹೆಂಚಿನ ಮೇಲೆ ಸೀದಿತು. ಇಬ್ಬರೂ ಗಮನಿಸಲಿಲ್ಲ.

ಮರುದಿನದಿಂದ ಮಹಾಭ್ಯಾಸ ಆರಂಭವಾಯಿತು. ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿರುತ್ತಿರಲಿಲ್ಲ, ದಂಪತಿಗಳು ಫಾಲ್ಸ್ ರಸ್ತೆ ಹಿಡಿದು ಓಡುತ್ತಿದ್ದರು. ಗೋಕಾಕದಲ್ಲಿ ಯಾರಾದರೂ ಓಡಿದರೆ ಬಸ್ಸು ತಪ್ಪಿರಬೇಕು, ಇಲ್ಲವೇ ಆಸ್ಪತ್ರೆಯ ಕೆಲಸವಿರಬೇಕು. ಹಾಗಾಗಿ ಹೋಗುವ ಬರುವ ಟಂಟಂ ಆಟೊಗಳೆಲ್ಲ ನಿಲ್ಲುತ್ತಿದ್ದವು. “ಹತ್ರಿ ಕಾಕಾ, ಬಿಡ್ತೇನಿ!” ಮೊದಮೊದಲು ಶ್ರೀಶೈಲಪ್ಪ ನಗುತ್ತ ಕೈ ಆಡಿಸುತ್ತಿದ್ದ. ಒಂದು ಮುಂಜಾನೆ ಮಾತ್ರ ಅವನು ಕನಸಿನ ಸಭಾಂಗಣದಲ್ಲಿ ಓಡುತ್ತಿದ್ದುದರಿಂದ ಯಾರೋ ಕರೆದದ್ದು ಬಹುಮಾನಕ್ಕೆ ಎಂದುಕೊಂಡು ಟಂಟಂ ಹತ್ತಿ ಕೂತುಬಿಟ್ಟ. ಹೆಂಡತಿಯನ್ನು ದಾಟಿ ಹೋಗುವಾಗ ಗಾಳಿ ತಣ್ಣಗೆ ಬೀಸುತ್ತಿತ್ತು, ಮರಗಳು ಹಿಂದಕ್ಕೆ ಓಡುತ್ತಿದ್ದವು, ತನ್ನ ವೇಗಕ್ಕೆ ತಾನೇ ಬೆರಗಾದ. ಹಿಂದಿನಿಂದ “ಇಳೀರಿ ಕೆಳಗ!” ಎಂಬ ಆರ್ಭಟ ಕೇಳಿದಾಗಲೇ ಎಚ್ಚರವಾದದ್ದು.

ಮನೆಯ ಮಾಳಿಗೆಯ ಮೇಲೆ ದೊಡ್ಡ ಹಂಡೆಗೆ ಉಸುಕು ತುಂಬಿ ಹಗ್ಗ ಕಟ್ಟಿ ಎಳೆದರು. ಕೆಳಗೆ ಕೂತ ಚನ್ನವ್ವನಿಗೆ ದಿನವೂ ಗುಡುಗು ಕೇಳಿಸುತ್ತಿತ್ತು, ಒಣಹಾಕಿದ ಹಪ್ಪಳವನ್ನು ದಿನವೂ ಒಳಗೆ ತರುತ್ತಿದ್ದಳು. ಬಂಡಿ ತಳ್ಳುವ ಅಭ್ಯಾಸಕ್ಕೆ ಏನು ಮಾಡುವುದು ಎಂದು ಯೋಚಿಸುವ ಪ್ರಸಂಗವೇ ಬರಲಿಲ್ಲ. ಭಾಂಡೆ ಕಾಕಾ ತಳ್ಳುವುದನ್ನು ಕಲಿಯುತ್ತಿದ್ದಾನಂತೆ ಎಂಬ ಸುದ್ದಿ ಹಬ್ಬಿದ್ದೇ, ಬ್ಯಾಟರಿ ಸತ್ತ ಗಾಡಿಗಳೆಲ್ಲ ಅಂಗಡಿಯ ಮುಂದೆ ಬಂದು ನಿಂತವು. ಶ್ರೀಶೈಲಪ್ಪ ಒಂದಕ್ಕೂ ಇಲ್ಲ ಎನ್ನಲಿಲ್ಲ. ಒಂದು ದಿನ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಜೀಪು ದಬ್ಬುತ್ತಿದ್ದಾಗ ಅದು ಯಾವಾಗಲೋ ಚಾಲೂ ಆಗಿ ಹೋಗಿಬಿಟ್ಟಿತ್ತು. ಬಜಾರದ ನಟ್ಟನಡುವೆ ಎರಡೂ ಕೈ ಮುಂದೆ ಚಾಚಿ, ಮಂದಹಾಸ ಬೀರುತ್ತ, ಗಾಳಿಯನ್ನು ದಬ್ಬುತ್ತಿದ್ದ ಅವನನ್ನು ಕಂಡು ಕೆಲವರು ಕೈ ಮುಗಿದರು.

ಇತ್ತ ದಾಕ್ಷಾಯಿಣಿ ಹುಕ್ಕೇರಿಯ ಸಂತೆಯಲ್ಲಿ ಲಕ್ಷ್ಮೀಬಾಯಿಯ ಅಣ್ಣನನ್ನು ಹಿಡಿದು ಫೋನ್ ನಂಬರು ತಂದಳು. ಅಂದಿನಿಂದ ಮಧ್ಯಾಹ್ನವೆಲ್ಲ ಫೋನಿನಲ್ಲಿ ನಗುವೇ ನಗು. ಅರ್ಧ ಕನ್ನಡ, ಅರ್ಧ ಮರಾಠಿ. ಆ ನಗು ಕೇಳಿದಾಗಲೆಲ್ಲ ಶ್ರೀಶೈಲಪ್ಪ ಮಾಳಿಗೆ ಹತ್ತಿ ಉಸುಕಿನ ಹಂಡೆಯನ್ನು ಇನ್ನೊಂದು ಸುತ್ತು ಎಳೆಯುತ್ತಿದ್ದ.

ತವರುಮನೆಗೆ ಹೇಳಿ ಬರೋಣವೆಂದು ಹುಕ್ಕೇರಿಗೆ ಹೋದರು. ಮಾವ ಲಕ್ಕಪ್ಪ ಹೊಲದಲ್ಲಿ ಹುಟ್ಟಿ ಹೊಲದಲ್ಲೇ ಬೆಳೆದ ಮನುಷ್ಯ. ಎರಡೂ ಕೈಯಲ್ಲಿ ಭಾರ ತೂಗಿಸಿಕೊಂಡು ನಡೆಯುವ ಕಸರತ್ತಿಗೆ ‘ರೈತನ ನಡಿಗೆ’ ಎಂದು ಹೆಸರಿದೆ ಎಂದು ಅಳಿಯ ಹೆಮ್ಮೆಯಿಂದ ಹೇಳಿ, ನೀರು ತುಂಬಿದ ಎರಡು ಕೊಡ ಹಿಡಿದು ಅಂಗಳದಲ್ಲಿ ತೂರಾಡುತ್ತ ನಡೆದು ತೋರಿಸಿದ.

ಲಕ್ಕಪ್ಪ ಬಹಳ ಹೊತ್ತು ನೋಡಿದ. “ಅಳಿಯಾರ, ಯಾವ ಊರಾಗ ರೈತ ಹಿಂಗ ನಡೀತಾನ್ರಿ?”

“ವಿದೇಶದಾಗ ರೀ ಮಾವಾರ.”

“ಅಲ್ಲಿ ಟ್ರ್ಯಾಕ್ಟರ್ ಇಲ್ಲೇನು? ಪಾಪ” ಎಂದು ಲಕ್ಕಪ್ಪ ವಿದೇಶದ ರೈತರಿಗಾಗಿ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ದಾಕ್ಷಾಯಿಣಿ ಗಂಡನ ಕೈಯಿಂದ ಎರಡೂ ಕೊಡಗಳನ್ನು ಕಿತ್ತುಕೊಂಡು ಹಿತ್ತಲಿಗೆ ಹೋಗಿ ಎಮ್ಮೆಗೆ ನೀರಿಟ್ಟು ಬಂದಳು.

ಸ್ಪರ್ಧೆ ಹತ್ತಿರ ಬಂದಂತೆ ಕಾಶಿನಾಥ ಇನ್ನೊಂದು ಸಲಹೆ ಕೊಟ್ಟ. “ಕಾಕಾ, ಇಂಡೋರ್‌ನ್ಯಾಗ ಈಗ ಬಾಳ ಥಂಡಿ ರಿ. ಸ್ವೆಟರ್ ತಗೊಂಡ ಹೋಗ್ರಿ. ಸ್ವೆಟರ್ ತಗೊಂಡ ಹೋಗ್ರಿ.” ಒಳಗೆ ಏಸಿ ಜೋರಾಗಿ ಹಾಕಿರುತ್ತಾರೇನೋ ಎಂದುಕೊಂಡು ಶ್ರೀಶೈಲಪ್ಪ ಸ್ವೆಟರು ತೆಗೆದಿಟ್ಟ. ಸ್ಪರ್ಧೆ ಮುಂಬಯಿಯಲ್ಲೇ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ವಿಡಿಯೊದಲ್ಲಿ ಕಣ್ಣಾರೆ ನೋಡಿದ್ದನಲ್ಲ! ಸಂಶಯವಿದ್ದದ್ದು ಹೆಂಡತಿಗೆ ಹೇಗೆ ಹೇಳುವುದು ಎಂಬುದರಲ್ಲಿ. ಅದಕ್ಕೇ ಟಿಕೀಟು ತೆಗೆಸುವುದನ್ನು ಇವತ್ತು ನಾಳೆ ಎಂದು ಮುಂದೂಡುತ್ತಲೇ ಬಂದಿದ್ದ.

ಮೂಡಲಗಿಯಲ್ಲಿ ಅವನ ತಂಗಿ ಭಾಗ್ಯಾ ಅಣ್ಣ-ಅತ್ತಿಗೆಗೆ ಹೋಳಿಗೆಯ ಊಟ ಇಟ್ಟುಕೊಂಡಿದ್ದಳು. ಓಣಿಯ ಹೆಂಗಸರೆಲ್ಲ ಬಂದು ಆರತಿ ಎತ್ತಿದರು. ಆರತಿ ಮುಗಿದದ್ದೇ ಬೇಡಿಕೆಗಳು ಶುರುವಾದವು. ಒಬ್ಬಳಿಗೆ ಇಂದೂರಿನ ಸೀರೆ, ಇನ್ನೊಬ್ಬಳಿಗೆ ಇಂದೂರಿನ ಬಳೆ, ಭಾಗ್ಯಾಳಿಗೆ ಇಂದೂರಿನ ಖಾರದ ಸೇವು. ದಾಕ್ಷಾಯಿಣಿ ಎಲ್ಲದಕ್ಕೂ “ತರ್ತೇನಿ ತಗೋರಿ” ಎನ್ನುತ್ತಿದ್ದಳು. ಶ್ರೀಶೈಲಪ್ಪನಿಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. (ನಾಲ್ಕನೆಯದು. ಮೂರು ಇಳಿದಿದ್ದವು.)

ಸಂಜೆ ಗಂಡ-ಹೆಂಡತಿ ಇಬ್ಬರೂ ತಂಗಿಯ ಮನೆಯ ಮಾಳಿಗೆಯ ಮೇಲೆ ಕೂತಿದ್ದರು. ಗಾಣದ ಕಡೆಯಿಂದ ಕುದಿಯುವ ಬೆಲ್ಲದ ಪರಿಮಳ ತೇಲಿ ಬರುತ್ತಿತ್ತು. ಕಬ್ಬಿನ ಗದ್ದೆಗಳ ಮೇಲೆ ಹೊಗೆಯೂ ಮುಸ್ಸಂಜೆಯೂ ಕಲೆತು, ಊರು ಅರ್ಧ ನಿದ್ದೆಯಲ್ಲಿದ್ದಂತೆ ಕಾಣುತ್ತಿತ್ತು.

“ಲಕ್ಷ್ಮೀ ಸ್ಟೇಷನ್ನಿಗೇ ಬರ್ತಾಳಂತ” ಎಂದಳು ದಾಕ್ಷಾಯಿಣಿ. “ನನ್ನ ಗುರ್ತ ಹಿಡೀತಾಳೋ ಇಲ್ಲೋ ಅಂತ ಅಂಜಿಕಿ ನನಗ. ದಪ್ಪ ಆಗೇನಲ್ಲ, ಅದಕ್ಕ ಇಷ್ಟ ಓಡಿದೆ.”

ಶ್ರೀಶೈಲಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಇವಳು ಓಡಿದ್ದು ಪದಕಕ್ಕಲ್ಲ, ಗೆಳತಿಗೆ ಗುರುತು ಸಿಗಲೆಂದು! ಅವನ ಕಣ್ಣು ಒದ್ದೆಯಾಯಿತು.

“ಏ, ನಾ ನಿನಗ ಸುಳ್ಳ ಹೇಳೇನಿ. ಇಂಡೋರ್ ಅಂದ್ರ ಆ ಊರಲ್ಲ. ಇಂಗ್ಲಿಷಿನ್ಯಾಗ ಇಂಡೋರ್ ಅಂದ್ರ... ಒಳಗ.”

“ಯಾವುದರ ಒಳಗ?”

“ಬಿಲ್ಡಿಂಗ್ ಒಳಗ. ಸ್ಪರ್ಧೆ ಮುಂಬಯಿದಾಗ ಐತಿ. ನೀ ಇಂದೂರ ಅಂದಿ, ನಾ ಹ್ಞೂಂ ಅಂದೆ.”

ದಾಕ್ಷಾಯಿಣಿ ಅವನನ್ನು ನೋಡಿದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಭುಜಗಳು ಅದುರತೊಡಗಿದವು. ಇಷ್ಟು ವರ್ಷದಲ್ಲಿ ಅವಳು ಹೀಗೆ ಬಿಕ್ಕಿದ್ದನ್ನು ಅವನು ಕಂಡಿರಲಿಲ್ಲ. ತನ್ನಂಥ ಪಾಪಿ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಲ್ಲಿ ಇಲ್ಲವೆಂದು ಅವನಿಗೆ ಖಾತ್ರಿಯಾಯಿತು.

ಸೆರಗಿನ ಒಳಗಿನಿಂದಲೇ ದನಿ ಬಂತು. “ಹಂಗಾರ ನನ್ನ ಇಂದೂರಕ್ಕ ಕರ್ಕೊಂಡ ಹೋಗ್ತೀರೋ ಇಲ್ಲೋ? ಲಕ್ಷ್ಮೀಗೆ ಅದ ತಾರೀಖ ಹೇಳೇನಿ.”

“ಹೋಗೂಣು! ಅದ ತಾರೀಖಿಗೆ ಹೋಗೂಣು!” ಎಂದ ಶ್ರೀಶೈಲಪ್ಪ. ಆ ಕ್ಷಣದಲ್ಲಿ ಅವಳು ಕಾಶಿ ಎಂದಿದ್ದರೂ ಹೋಗುತ್ತಿದ್ದ.

ಮರುದಿನ ಅಂಗಡಿಯಲ್ಲಿ ಕೂತು, ಯಾರಿಗೂ ಹೇಳದೆ, ಸ್ಪರ್ಧೆಯಿಂದ ತಮ್ಮ ಜೋಡಿಯ ಹೆಸರು ತೆಗೆದುಹಾಕಿದ. ‘ಖಚಿತವೇ?’ ಎಂದು ಮೊಬೈಲು ಕೇಳಿತು. ಖಚಿತ ಎಂದು ಒತ್ತಿದ. ಹಾಲಿನ ಕ್ಯಾನಿನಲ್ಲಿ ಈಗ ತ್ಯಾಗಮೂರ್ತಿಯೊಬ್ಬ ಕಾಣುತ್ತಿದ್ದ. ಪತ್ನಿಗಾಗಿ ಕೀರ್ತಿಯನ್ನು ತೊರೆದವನು, ಸಭಾಂಗಣದ ಗುಡುಗನ್ನು ಮೌನವಾಗಿ ನುಂಗಿದವನು. ಈ ಕನಸು ಪದಕದ ಕನಸಿಗಿಂತ ರುಚಿಯಾಗಿತ್ತು, ಮಧ್ಯಾಹ್ನದವರೆಗೂ ಕಂಡ.

ಘಟಪ್ರಭಾದಲ್ಲಿ ರೈಲು ಹತ್ತಿ, ಪುಣೆಯಲ್ಲಿ ಬದಲಿಸಿ, ಇಂದೂರಿನಲ್ಲಿ ಇಳಿದಾಗ ಎಳೆಬಿಸಿಲು ಬಿದ್ದಿತ್ತು. ಚಳಿ ಗಡಗಡ ನಡುಗಿಸುತ್ತಿತ್ತು, ಸ್ವೆಟರು ಉಪಯೋಗಕ್ಕೆ ಬಂತು. ಪ್ಲಾಟ್‌ಫಾರ್ಮಿನಲ್ಲಿ ಬೂಟು, ಟ್ರ್ಯಾಕ್‌ಸೂಟು ಹಾಕಿಕೊಂಡ ದುಂಡನೆಯ ಹೆಂಗಸೊಬ್ಬಳು ಓಡಿ ಬಂದು ದಾಕ್ಷಾಯಿಣಿಯನ್ನು ಅಪ್ಪಿಕೊಂಡಳು. ಗುರುತು ಹಿಡಿಯುವ ಪ್ರಶ್ನೆಯೇ ಬರಲಿಲ್ಲ. ಇಬ್ಬರೂ ಅತ್ತರು, ನಕ್ಕರು, ಮತ್ತೆ ಅತ್ತರು. ಶ್ರೀಶೈಲಪ್ಪ ಸಾಮಾನಿನ ಜೊತೆ ಸಾಮಾನಾಗಿ ನಿಂತು ಆ ದೃಶ್ಯವನ್ನು ಕಣ್ತುಂಬಿಕೊಂಡ. ತ್ಯಾಗ ಸಾರ್ಥಕವಾಯಿತು.

“ನಡೀರಿ ಭಾವಜೀ, ಲಗೂನ” ಎಂದಳು ಲಕ್ಷ್ಮೀಬಾಯಿ. “ನಿಮ್ಮ ಜೋಡಿ ಓಟ ಊಟಕ್ಕಿಂತ ಮೊದಲಽ ಐತಿ. ಹಾಲ್ ನಮ್ಮ ಮನಿ ಬಾಜೂಕಽ.”

“ಯಾವ ಓಟ?”

“ಅಯ್ಯ! ಇಂಡೋರ್ ರೇಸ್! ಇಂದೂರದಾಗ ನಡದೈತಿ, ನಾನೂ ಹೆಸರ ಕೊಟ್ಟೇನಿ. ದಾಕ್ಷಾಗ ಫೋನಿನ್ಯಾಗ ಅವತ್ತಽ ಹೇಳಿದ್ನಲ್ಲ!”

ಶ್ರೀಶೈಲಪ್ಪ ಹೆಂಡತಿಯ ಕಡೆ ತಿರುಗಿದ. ಅವಳ ಭುಜಗಳು ಮೂಡಲಗಿಯ ಮಾಳಿಗೆಯ ಮೇಲೆ ಅದುರಿದಂತೆಯೇ ಅದುರುತ್ತಿದ್ದವು. ಈ ಸಲ ಮುಖದ ಮೇಲೆ ಸೆರಗಿರಲಿಲ್ಲ.

“ನೀವು ಒಳಗ ಒಳಗ ಅಂತ ಅಳಾಕತ್ತಿದ್ರಿ, ನನಗ ನಗಿ ತಡೀಲಿಲ್ಲ. ಇಲ್ಲೇ ಕರ್ಕೊಂಡ ಬಂದ ತೋರ್ಸೂಣಂತ ಸುಮ್ಮನಾದೆ” ಎಂದಳು. “ನಡೀರಿ, ನಿಮ್ಮ ಬೂಟೂ ನಾನಽ ಗಂಟಿನ್ಯಾಗ ಕಟ್ಟೇನಿ.”

ಕಾಶಿನಾಥ ಸಂದೇಶದಲ್ಲಿ ಒಂದೇ ಮಾತನ್ನು ಎರಡು ಸಲ ಬರೆದಿರಲಿಲ್ಲ. ಒಳಾಂಗಣ ಒಂದು, ಊರು ಒಂದು, ಹೀಗೆ ಎರಡು ಮಾತನ್ನು ಒಂದೊಂದು ಸಲ ಬರೆದಿದ್ದ. ಜನ್ಮದಲ್ಲಿ ಅದೊಂದೇ ಸಲ.

ಸಭಾಂಗಣ ಕನಸಿನಲ್ಲಿ ಕಂಡದ್ದಕ್ಕಿಂತ ದೊಡ್ಡದಿತ್ತು. ಬಾಗಿಲಲ್ಲಿ ಕೂತ ಹುಡುಗಿ ಯಾದಿ ನೋಡಿ, ಈ ಜೋಡಿ ತಾನಾಗಿ ಹೆಸರು ತೆಗೆಸಿದೆ, ಇನ್ನು ಸೇರಿಸಲು ಬರುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು.

“ಯಾರು ತಗಸಿದ್ರು?” ಎಂದಳು ದಾಕ್ಷಾಯಿಣಿ.

“ನಾನಽ.”

“ಯಾಕ?”

“ನಿನ್ನ ಸಲುವಾಗಿ” ಎಂದ ಶ್ರೀಶೈಲಪ್ಪ. ಈ ಮಾತನ್ನು ಅಂಗಡಿಯಲ್ಲಿ ಅನೇಕ ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದ. ಆಗೆಲ್ಲ ಅದು ಘನವಾಗಿ ಕೇಳಿಸುತ್ತಿತ್ತು. ಈಗ ತೂತು ಬಿದ್ದ ತಂಬಿಗೆ ಬಾರಿಸಿದ ಹಾಗಾಯಿತು.

ದಾಕ್ಷಾಯಿಣಿಯ ಮುಖದಲ್ಲಿ ಸಿಟ್ಟು ಬಂತು, ನಗು ಬಂತು, ಇನ್ನೊಂದು ಏನೋ ಬಂದು ಕಣ್ಣಂಚಿನಲ್ಲಿ ನಿಂತಿತು. “ಇಂಥಾ ಶಾಣ್ಯಾನ್ನ ಕಟ್ಟಿಕೊಂಡೇನಲ್ಲ ಯವ್ವಾ” ಎಂದಳಷ್ಟೇ. ಲಕ್ಷ್ಮೀಬಾಯಿ ಮಾತ್ರ ಚಪ್ಪಾಳೆ ತಟ್ಟಿದಳು. ಅವಳ ಜೋಡಿಯಾಗಬೇಕಿದ್ದ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ನಿನ್ನೆ ಕಾಲು ಉಳುಕಿಸಿಕೊಂಡು ಮಲಗಿದ್ದಳು. ಹೆಂಗಸರ ಜೋಡಿಯಲ್ಲಿ ಒಬ್ಬರ ಬದಲು ಇನ್ನೊಬ್ಬರನ್ನು ಸೇರಿಸಲು ಬರುತ್ತಿತ್ತು.

“ಏನ್ರಿ, ಈ ಚೀಲಾ ಹಿಡೀರಿ” ಎಂದಳು ದಾಕ್ಷಾಯಿಣಿ. “ನನ್ನದೂ ಹಿಡೀರಿ” ಎಂದಳು ಲಕ್ಷ್ಮೀಬಾಯಿ.

ಹೀಗೆ ಶ್ರೀಶೈಲಪ್ಪ ತಾನು ಓಡಬೇಕಾದ ಸಭಾಂಗಣದ ಅಂಚಿನ ಕುರ್ಚಿಯಲ್ಲಿ, ತೊಡೆಯ ಮೇಲೆ ಎರಡು ಚೀಲ ಇಟ್ಟುಕೊಂಡು ಕೂತ. ಎದುರಿಗೆ ಇಬ್ಬರು ಗೆಳತಿಯರು ಓಡುತ್ತಿದ್ದರು. ಓಡುತ್ತ ಮಾತಾಡುತ್ತಿದ್ದರು. ಬಂಡಿ ದಬ್ಬುವಾಗಲೂ ಮಾತು, ಹಗ್ಗ ಎಳೆಯುವಾಗಲೂ ಮಾತು. ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಅವತ್ತೇ ಮುಗಿಸಬೇಕಿತ್ತು. ಬಾಜೂದ ಹರೆಯದ ಜೋಡಿಗಳು ಏದುಸಿರು ಬಿಡುತ್ತ ನೆಲಕ್ಕೆ ಕೂತರೂ ಇವರ ಮಾತು ನಿಲ್ಲಲಿಲ್ಲ, ಕಾಲೂ ನಿಲ್ಲಲಿಲ್ಲ. ದಾಕ್ಷಾಯಿಣಿಯ ಹೆಗಲು, ನೆಟ್ಟ ನೋಟ, ಚೆಂಡನ್ನು ಗೋಡೆಗೆ ಎಸೆಯುವಾಗಿನ ಅವಳ ನಗು. ಇದನ್ನೆಲ್ಲ ಅವನು ಮನೆಯಲ್ಲಿ ದಿನವೂ ಕಂಡಿರಬೇಕು, ನೋಡಿರಲಿಲ್ಲ. ಬಹಳ ದಿನಗಳ ಮೇಲೆ ಅವನಿಗೆ ಕಣ್ಣು ಮುಚ್ಚಬೇಕೆನಿಸಲಿಲ್ಲ.

ಅವರ ವಯಸ್ಸಿನ ಹೆಂಗಸರ ಜೋಡಿಗಳಲ್ಲಿ ಇಬ್ಬರೂ ಎರಡನೆಯವರಾಗಿ ಮುಗಿಸಿದರು. ಕೊರಳಿಗೆ ಪದಕ ಬಿತ್ತು. ನಿರೂಪಕ ಮೈಕು ಹಿಡಿದು ಬಂದು ದಾಕ್ಷಾಯಿಣಿಯನ್ನು ಕೇಳಿದ: ಗೋಕಾಕದಿಂದ ಇಷ್ಟು ದೂರ ಬಂದಿದ್ದೀರಿ, ಇದಕ್ಕೆ ಪ್ರೇರಣೆ ಯಾರು, ಹೆಸರು ಹೇಳಿ. ಲಕ್ಷ್ಮೀಬಾಯಿ ಕನ್ನಡದಲ್ಲಿ ತಿಳಿಸಿದಳು: “ಗಂಡನ ಹೆಸರ ಹೇಳಬೇಕಂತ ನೋಡಽ.”

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿಗೈಯಲ್ಲಿ ಕೊಡುವುದಿಲ್ಲ. ಮದುವೆಯಲ್ಲಿ ಹೊಸ್ತಿಲು ಅಡ್ಡಗಟ್ಟಿ ಹೆಸರು ಕೇಳಿದರೆ, ಒಂದು ಒಡಪು ಕಟ್ಟಿ, ಅದರ ಮಡಿಲಲ್ಲಿ ಇಟ್ಟು ಹೇಳುತ್ತಾರೆ. ದಾಕ್ಷಾಯಿಣಿ ಬೆವರು ಒರೆಸಿಕೊಂಡು, ಸೆರಗಿಲ್ಲದ ತಲೆಯ ಮೇಲೆ ಸೆರಗು ಎಳೆದಂತೆ ಮಾಡಿ, ಮೈಕಿಗೆ ಬಾಯಿ ಹಚ್ಚಿದಳು.

“ಇಂಡೋರ್ ಅಂದ್ರ ಒಳಗ, ಇಂದೂರ ಅಂದ್ರ ಊರು,
ಎರಡರ ನಡಕ ಸಿಕ್ಕೊಂಡು ಒದ್ದಾಡಿದವ್ರು ಯಾರು?
ಭಾಂಡೆ ಅಂಗಡಿ ಸಾವ್ಕಾರ್ರು, ನಿದ್ದಿಗಣ್ಣಿನ ಸರದಾರ್ರು,
ಚೀಲಾ ಕಾಯ್ಕೋತ ಕುಂತಾರ ನೋಡ್ರಿ ನಮ್ಮ ಶ್ರೀಶೈಲಪ್ಪನವರು!”

ಲಕ್ಷ್ಮೀಬಾಯಿ ಅದನ್ನು ಮರಾಠಿಯಲ್ಲಿ ಹೇಳಿದಳು, ನಿರೂಪಕ ಹಿಂದಿಯಲ್ಲಿ ಹೇಳಿದ, ಯಾರೋ ಇಂಗ್ಲಿಷಿನಲ್ಲೂ ಹೇಳಿದರು. ನಗು ಸಾಲುಸಾಲಾಗಿ ಎದ್ದಿತು. ದೊಡ್ಡ ಪರದೆಯ ಮೇಲೆ ಎರಡು ಚೀಲ ಹಿಡಿದ ಅವನ ಮುಖ ಮೂಡಿತು, ಧ್ವನಿವರ್ಧಕ ಗುಡುಗಿತು: “ಶ್ರೀಶೈಲಪ್ಪಾ, ಗೋಕಾಕ್!” ಸಭಾಂಗಣವೆಲ್ಲ ಎದ್ದು ನಿಂತು ಅದೇ ಹೆಸರನ್ನು ಕೂಗಿತು. ಅವನು ಒಂದು ಕೈ ಎತ್ತಿ, ಚೀಲದ ಸಮೇತ, ಎಲ್ಲರಿಗೂ ವಂದಿಸಿದ.

ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ತನ್ನ ಹೆಸರು ಮೊಳಗಿತು ಎಂದು ಅವನು ಈಗ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನೆ. ಯಾಕೆ ಮೊಳಗಿತು ಎಂಬುದನ್ನು ಮಾತ್ರ ಇನ್ನೂ ಯಾರಿಗೂ ಹೇಳಿಲ್ಲ. (ದಾಕ್ಷಾಯಿಣಿ ಎಲ್ಲರಿಗೂ ಹೇಳಿದ್ದಾಳೆ.)